ಎದ್ದು ಬರಬೇಡಿ



ಶಾಸ್ತ್ರೀಯ ಸಂಗೀತವೆಂದರೆ ಅಪ್ಪ-ಅಮ್ಮ ಎಳೆದುಕೊಂಡು ಹೋಗುವ ಕಚೇರಿ ಎಂದುಕೊಂಡಿದ್ದೀರಾ? ಹಾಗಾದರೆ ‘ಸ್ಪಿಕ್ ಮೆಕೆ’ಯ ವಿಷಯ ಕೇಳಿ. 1977ರಲ್ಲಿ ದೆಹಲಿ ಐಐಟಿಯ ಪ್ರಾಧ್ಯಾಪಕ ಕಿರಣ್ ಸೇಠ್ ಆರಂಭಿಸಿದ ಈ ಚಳವಳಿಯಲ್ಲಿ ಓಡಾಡುವವರು ಬಹುಪಾಲು ವಿದ್ಯಾರ್ಥಿಗಳೇ. ಕಲಾವಿದರನ್ನು ಕರೆತರುವುದು, ಜಮಖಾನೆ ಹಾಸುವುದು, ಮೈಕು ನೋಡಿಕೊಳ್ಳುವುದು ಎಲ್ಲ ನಿಮ್ಮ ವಯಸ್ಸಿನವರದೇ ಕೆಲಸ. ಟಿಕೆಟ್ಟಿಲ್ಲ. ಬಂದವರು ಹಾಡಿ ಎದ್ದು ಹೋಗುವುದೂ ಇಲ್ಲ. ರಾಗವನ್ನು ಬಿಡಿಸಿ ತೋರಿಸುತ್ತಾರೆ, ನಿಮ್ಮ ಪ್ರಶ್ನೆಗೆ ಉತ್ತರಿಸುತ್ತಾರೆ. ರಾಷ್ಟ್ರೀಯ ಅಧಿವೇಶನದಲ್ಲಂತೂ ಬೆಳಗಿನ ಜಾವದ ಯೋಗ, ಶ್ರಮದಾನ, ಗುರುಗಳೆದುರು ಕಲಿಕೆ, ಅಹೋರಾತ್ರಿ ಸಂಗೀತ. ಸ್ಪರ್ಧೆಯಿಲ್ಲ, ಕಪ್ಪಿಲ್ಲ. (ಅಮ್ಮಂದಿರೂ ಇದನ್ನು ಓದುತ್ತಿದ್ದರೆ ಒಳ್ಳೆಯದು!)

ಹಿಂದೂಸ್ತಾನಿ ಸಂಗೀತ ಉತ್ತರದವರದು, ನಿಮಗೇನು ಗೊತ್ತು ಎಂದು ಗೆಳೆಯರು ಅಂದರೆ ಸುಮ್ಮನಿರುತ್ತೀರಲ್ಲ, ಅದು ನನಗೆ ಸಂಕಟ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರ, ಗದಗಿನ ಭೀಮಸೇನ ಜೋಶಿ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಇವರಿಗೆ ದೇಶವೆಲ್ಲ ತಲೆದೂಗಿತು. ಅವರು ನೀವು ಮನೆಯಲ್ಲಿ ಆಡುವ ಕನ್ನಡವನ್ನೇ ಆಡಿದವರು. ಇದನ್ನು ನೀವು ಪುಸ್ತಕದಿಂದಲ್ಲ, ಕಿವಿಯಿಂದ ತಿಳಿಯಬೇಕು.

ನಿಮ್ಮ ಕಾಲೇಜಿನಲ್ಲಿ ಇದರ ಶಾಖೆ ಇದೆಯೇ, ಈ ವಾರವೇ ವಿಚಾರಿಸಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಕೇಳಿಕೊಳ್ಳಿ. ಮೊದಲ ಅರ್ಧ ಗಂಟೆ ಆಕಳಿಕೆ ಬಂದರೆ ಬರಲಿ, ಎದ್ದು ಮಾತ್ರ ಬರಬೇಡಿ.