ನಡೆಯುವುದೂ ಒಂದು ಕೆಲಸ

ಪಾರ್ಕಿನ್ಸನ್ ಬಂದವರ ಬಗ್ಗೆ ಮನೆಯವರು ಆಡುವ ಒಂದು ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ: ‘ಡಾಕ್ಟರ ಮುಂದೆ ಚೆನ್ನಾಗೇ ನಡೀತಾರೆ, ಆಚೆ ಬಂದ್ರೆ ನಾಟಕ.’ ನಾಟಕವಲ್ಲ ಸ್ವಾಮಿ. ಡಾಕ್ಟರ ಮುಂದೆ ಅವರು ನಡೆಯುವುದೊಂದನ್ನೇ ಮಾಡುತ್ತಾರೆ. ನುಣುಪು ನೆಲ, ಅಡ್ಡ ಬರುವವರಿಲ್ಲ, ಕೈಯಲ್ಲಿ ಚೀಲವಿಲ್ಲ. ಚೆನ್ನೈನ ರಂಗನಾಥನ್ ಬೀದಿಯಲ್ಲಿ ಅದೇ ಮನುಷ್ಯ ಚೀಲ ಹಿಡಿದು, ಹಿಂದಿನವರ ತಳ್ಳಾಟ ತಾಳಿಕೊಂಡು, ‘ಮನೇಲಿ ಬೆಳ್ಳುಳ್ಳಿ ಇದೆಯೇನ್ರೀ?’ ಎಂಬುದಕ್ಕೆ ಉತ್ತರವನ್ನೂ ಕೊಡಬೇಕು. ಕಾಲು ನೆಲಕ್ಕೆ ಅಂಟಿಕೊಳ್ಳುವುದು ಅಲ್ಲಿ.

ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ, ರೂಢಿಯಾದ ಚಲನೆಗಳನ್ನು ನಮ್ಮ ಗಮನಕ್ಕೆ ತಾರದೆ ನಡೆಸಿಕೊಡುತ್ತಿರುತ್ತದೆ. ಡೋಪಮಿನ್ ಕಡಿಮೆಯಾದಾಗ ಆ ಸೌಕರ್ಯ ಹೋಗುತ್ತದೆ. ಆಮೇಲೆ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡಬೇಕು. ಇರುವುದು ಒಂದು ಕೊಡ ಗಮನ. ಮಾತಿಗೆ ಸುರಿದರೆ ಕಾಲಿಗೆ ಉಳಿಯುವುದಿಲ್ಲ. 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಅಧ್ಯಯನವೊಂದು ವೃದ್ಧರನ್ನು ನಡೆಸುತ್ತಾ ಮಾತಾಡಿಸಿ ನೋಡಿತು. ಮಾತಿಗೆ ನಿಂತುಬಿಟ್ಟವರೇ ಮುಂದಿನ ಆರು ತಿಂಗಳಲ್ಲಿ ಹೆಚ್ಚಾಗಿ ಬಿದ್ದರು.

ನಮಗೋ ಏಕಕಾಲಕ್ಕೆ ಎಂಟು ಕಡೆ ಗಮನವಿಡುವ ಅಷ್ಟಾವಧಾನಿಯೇ ಬುದ್ಧಿಯ ಮಾದರಿ. ಅವಧಾನಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಅದನ್ನು ಮಾಡುವುದು ಕೂತುಕೊಂಡು. ನಡುವೆ ಅಣ್ಣಾ ಸಾಲೈ ದಾಟಿ ಬನ್ನಿ ಎಂದು ಯಾರೂ ಹೇಳುವುದಿಲ್ಲ.

‘ಅಭ್ಯಾಸವಾಗಲಿ ಅಂತ ಮಾತಾಡಿಸ್ತೀವಿ’ ಎನ್ನುವವರೂ ಇದ್ದಾರೆ. ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ನಿಂತು ಮಾಡಿಸುವ ಜೋಡಿ ಕೆಲಸದ ಅಭ್ಯಾಸದಿಂದ ಕೆಲವರಿಗೆ ಉಪಯೋಗವಾಗುತ್ತದೆ, ನಿಜ. ರಸ್ತೆಯ ನಡುವೆ ಮಗ ನಡೆಸುವ ವಿಚಾರಣೆ ಅದಲ್ಲ.

ಮನೆಯವರನ್ನಷ್ಟೇ ಬೈದರೆ ಊರು ತಪ್ಪಿಸಿಕೊಳ್ಳುತ್ತದೆ. ಸಾರಿಗೆ ಬಜೆಟ್ಟಿನ ಶೇ. 60 ಭಾಗ ನಡೆಯುವವರಿಗೆ, ಸೈಕಲ್ಲಿನವರಿಗೆ ಎಂಬ ನೀತಿಯನ್ನು ಚೆನ್ನೈ ಪಾಲಿಕೆ ಒಪ್ಪಿದ್ದು 2014ರಲ್ಲಿ. 2019ರಲ್ಲಿ ಪಾಂಡಿ ಬಜಾರಿನ ಅಗಲ ಫುಟ್‌ಪಾತ್ ಬಂತು, ಫೋಟೋ ತೆಗೆಸಿಕೊಂಡಿತು. ಪಕ್ಕದ ಬೀದಿಗೆ ತಿರುಗಿದರೆ ಬೈಕು, ಟ್ರಾನ್ಸ್‌ಫಾರ್ಮರು, ಎದ್ದ ಕಲ್ಲು. ಗಟ್ಟಿ ಕಾಲಿನವರಿಗೆ ಅದು ಕಿರಿಕಿರಿ ಅಷ್ಟೆ. ಇವರ ಗಮನವನ್ನೆಲ್ಲ ಆ ಕಲ್ಲೇ ನುಂಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. ಮುಖ್ಯ ಸೌಲಭ್ಯಗಳಿಗೆ ಶೇ. 40 ವೈಕಲ್ಯ ಇರಬೇಕು. ಅದನ್ನು ಅಳೆಯುವ ದಿನ, ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಂಡು, ನೂರರಿಂದ ಏಳೇಳು ಕಳೆಯುತ್ತಾ ಬಾಗಿಲವರೆಗೆ ನಡೆಯಲು ಹೇಳಿ ನೋಡಲಿ.