ಎತ್ತು ದೊಡ್ಡದಾದರೆ ಮೂಗುದಾರ ಗಟ್ಟಿಯಿರಲಿ

ಪುಣೆ, ಮುಂಬೈಗಳಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಸ್ವಂತ ಕಾರಿನಲ್ಲಿ ರಾತ್ರಿ ಹೊರಡುವ ನಮ್ಮವರಲ್ಲಿ ಹೆಚ್ಚುವರಿ ದೀಪ, ದೊಡ್ಡ ಆಂಪ್ಲಿಫೈಯರ್, ಪುಟ್ಟ ಫ್ರಿಜ್ ಕೂರಿಸಿಕೊಂಡವರಿದ್ದಾರೆ. ಅಷ್ಟಕ್ಕೆಲ್ಲ ಕರೆಂಟ್ ಸಾಲದಾದಾಗ ಆಲ್ಟರ್ನೇಟರ್ ಮಾರ್ಪಡಿಸುವ ಸಲಹೆ ಬರುತ್ತದೆ. ಎಷ್ಟು ಆಂಪಿಯರ್ ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಹಿಡಿತದಲ್ಲಿಡುವುದು ಯಾವುದು ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲ ಪ್ರಶ್ನೆ ಅದೇ ಆಗಬೇಕು.

ಸಾಮಾನ್ಯ ಕಾರಿನ ಆಲ್ಟರ್ನೇಟರ್‌ನಲ್ಲಿ ರೋಟರ್ ಸುರುಳಿಗೆ ಹೋಗುವುದು ಕೆಲವೇ ಆಂಪಿಯರ್. ಹೊರಬರುವುದು 70ರಿಂದ 100 ಆಂಪಿಯರ್. ದೊಡ್ಡ ಎತ್ತನ್ನು ತೆಳ್ಳನೆಯ ಮೂಗುದಾರ ಹಿಡಿದಂತೆ. ರೆಗ್ಯುಲೇಟರ್ ಈ ಸಣ್ಣ ಕರೆಂಟನ್ನು ಕ್ಷಣಕ್ಷಣಕ್ಕೂ ಏರಿಳಿಸಿ, ಎಂಜಿನ್ ಎಷ್ಟೇ ಜೋರಾಗಿ ತಿರುಗಿದರೂ ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ಇಡುತ್ತದೆ.

ಕೆಲವರು ಈ ರೆಗ್ಯುಲೇಟರನ್ನೇ ತೆಗೆದು, ಫೀಲ್ಡ್ ವೈರನ್ನು ನೇರ ಬ್ಯಾಟರಿಗೆ ಕೊಡಿಸುತ್ತಾರೆ. ಇಲ್ಲವೇ ಕೈಯಿಂದ ತಿರುಗಿಸುವ ಗುಂಡಿ ಇಡಿಸುತ್ತಾರೆ. ಸಿಗ್ನಲಿನಲ್ಲಿ ನಿಂತಾಗ ಸರಿಯಿದ್ದ ಹೊಂದಾಣಿಕೆ ಹೆದ್ದಾರಿಯ ವೇಗದಲ್ಲಿ ಅತಿಯಾಗುತ್ತದೆ. ವೋಲ್ಟೇಜ್ 16 ದಾಟಿ ಹಾಗೆಯೇ ಉಳಿದರೆ ಮಾಮೂಲಿ ಬ್ಯಾಟರಿ ಕುದಿಯುತ್ತದೆ, ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಹೊರಬರುತ್ತದೆ. ಎಂಜಿನ್ ಕಂಪ್ಯೂಟರ್ ಕೂಡ ಕೆಡಬಹುದು.

ಲಿಥಿಯಂ ಬ್ಯಾಟರಿ ಸೇರಿಸಿದರೆ ಅಪಾಯದ ಬಗೆ ಬೇರೆ. ಅದು ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ. ಟ್ರಾಫಿಕ್ಕಿನಲ್ಲಿ ನಿಂತ ಕಾರಿನ ಆಲ್ಟರ್ನೇಟರ್ ಫ್ಯಾನ್ ನಿಧಾನವಾಗಿ ತಿರುಗುತ್ತಿರುತ್ತದೆ, ಹೊರೆ ಮಾತ್ರ ಪೂರ್ತಿ. ಸುರುಳಿ, ಡಯೋಡು ಸುಡುವುದು ಆಗಲೇ. ಇಲ್ಲಿ ಬಿಸಿಯನ್ನೂ ಅಳೆದು ಫೀಲ್ಡ್ ಕರೆಂಟ್ ಇಳಿಸುವ ರೆಗ್ಯುಲೇಟರ್ ಬೇಕು, ಅಥವಾ ಎರಡು ಬ್ಯಾಟರಿಗಳ ನಡುವೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕು.

ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಳಚಿ ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಪದ್ಧತಿಯನ್ನಂತೂ ಇಂದಿನ ಕಾರಿನಲ್ಲಿ ಒಪ್ಪಲೇಬೇಡಿ. ಹೊರೆ ಒಮ್ಮೆಲೇ ತಪ್ಪಿದರೂ ರೋಟರಿನ ಕಾಂತಬಲ ಥಟ್ಟನೆ ಇಳಿಯುವುದಿಲ್ಲ. ಅಷ್ಟರಲ್ಲಿ ವೋಲ್ಟೇಜ್ ಹಲವು ಪಟ್ಟು ಜಿಗಿಯಬಹುದು. ಅದನ್ನು ನುಂಗಿಕೊಳ್ಳಬೇಕಿದ್ದ ಬ್ಯಾಟರಿಯೇ ಅಲ್ಲಿರುವುದಿಲ್ಲ. ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು.

ಹಾಗಾದರೆ ಕಂಪನಿ ಕೊಟ್ಟದ್ದನ್ನು ಮುಟ್ಟಲೇಬಾರದೇ? ಹಾಗೇನಿಲ್ಲ. ದುಡ್ಡು ಕೊಡುವ ಮುನ್ನ ಮೂರು ಮಾತು ಕೇಳಿ: ರೆಗ್ಯುಲೇಟರ್ ವೋಲ್ಟೇಜನ್ನು ಎಲ್ಲಿಂದ ಅಳೆಯುತ್ತದೆ? ಆಲ್ಟರ್ನೇಟರ್ ಕಾದರೆ ತಡೆಯುವುದು ಯಾವುದು? ಹೆಚ್ಚಿದ ಕರೆಂಟಿಗೆ ತಕ್ಕ ದಪ್ಪ ವೈರು, ಫ್ಯೂಸು ಇವೆಯೇ? ಸ್ಪಷ್ಟ ಉತ್ತರ ಸಿಗದಿದ್ದರೆ ಫ್ರಿಜ್ಜಿನ ಆಸೆ ಬಿಟ್ಟು, ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಊರಿಗೆ ಹೊರಡುವುದೇ ಲೇಸು.