ಬೇಕೆಂದೇ ಸೋಲುವವರ ಲೆಕ್ಕ

ಸೊರಬ, ಶಿಕಾರಿಪುರದ ಕಡೆಯ ಕಾಲೇಜು ಹುಡುಗರಲ್ಲಿ ಬೆಳಗ್ಗೆ ಎದ್ದವರೇ ಮೊಬೈಲಿನಲ್ಲಿ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ನೋಡುವವರು ನನಗೆ ಗೊತ್ತು. ಅವರಿಗೆ 'ಟ್ಯಾಂಕಿಂಗ್' ಬಹಳ ಜಾಣತನದ ಉಪಾಯವಾಗಿ ಕಾಣುತ್ತದೆ. ಒಂದೆರಡು ವರ್ಷ ಬೇಕೆಂದೇ ಸೋತು ತಳ ಸೇರಿದರೆ, ಡ್ರಾಫ್ಟ್‌ನಲ್ಲಿ ಒಳ್ಳೆಯ ಹೊಸ ಆಟಗಾರ ಸಿಗುತ್ತಾನೆ, ಆಮೇಲೆ ಗೆಲುವೇ ಗೆಲುವು ಎಂಬುದು ಲೆಕ್ಕ. "ಹೂಳು ತೆಗೀಬೇಕು ಅಂದ್ರೆ ಕೆರೆ ಖಾಲಿ ಆಗ್ಬೇಕಲ್ಲ ಸಾರ್" ಎಂದು ಒಬ್ಬ ನನ್ನೊಡನೆ ವಾದಿಸಿದ. ಕೆರೆಗಳ ಸೀಮೆಯ ಹುಡುಗನಿಗೆ ತಕ್ಕ ಹೋಲಿಕೆ. ಆದರೆ ಹೂಳೆತ್ತುವುದು ಬೇಸಿಗೆಯಲ್ಲಿ, ನೀರು ತಾನಾಗಿ ಇಳಿದಾಗ. ಅದಕ್ಕಾಗಿ ಏರಿ ಒಡೆಯುವವರನ್ನು ನಾನು ಕಂಡಿಲ್ಲ.

ಲೆಕ್ಕವನ್ನೇ ನೋಡೋಣ. ಫಿಲಡೆಲ್ಫಿಯಾ ತಂಡ 2013ರಿಂದ ಮೂರು ಋತುಗಳಲ್ಲಿ ಕ್ರಮವಾಗಿ 19, 18, 10 ಪಂದ್ಯಗಳನ್ನು ಮಾತ್ರ ಗೆದ್ದಿತು. ಋತುವಿಗೆ 82 ಪಂದ್ಯ! ಅದಕ್ಕೆ ಜೋಯೆಲ್ ಎಂಬೀಡ್ ಸಿಕ್ಕಿದ್ದು ನಿಜ, 2023ರಲ್ಲಿ ಆತ ಲೀಗಿನ ಶ್ರೇಷ್ಠ ಆಟಗಾರನಾದದ್ದೂ ನಿಜ. ಆದರೆ 2025ರವರೆಗೂ ಆ ತಂಡ ಪ್ಲೇಆಫ್‌ನ ಎರಡನೇ ಸುತ್ತು ದಾಟಲಿಲ್ಲ. 2019ರಲ್ಲಿ ಬಂದ ನಿಯಮದಲ್ಲಿ ತಳದ ಮೂರು ತಂಡಗಳಿಗೆ ಮೊದಲ ಆಯ್ಕೆಯ ಸಾಧ್ಯತೆ ತಲಾ ಶೇ. 14 ಮಾತ್ರ. 2023-24ರಲ್ಲಿ ಸತತ 28 ಪಂದ್ಯ ಸೋತು ಎಲ್ಲರಿಗಿಂತ ಕೆಳಗಿದ್ದ ಡೆಟ್ರಾಯಿಟ್‌ಗೆ ದಕ್ಕಿದ್ದು ಐದನೇ ಆಯ್ಕೆ. ಮರುವರ್ಷ ಬರೀ ಶೇ. 1.8 ಸಾಧ್ಯತೆಯಿದ್ದ ಡಲ್ಲಾಸ್‌ಗೆ ಮೊದಲನೆಯದು ಬಂತು. ಡೆನ್ವರ್ ತಂಡವನ್ನು 2023ರಲ್ಲಿ ಚಾಂಪಿಯನ್ ಮಾಡಿದ ನಿಕೋಲಾ ಯೋಕಿಚ್ ಡ್ರಾಫ್ಟ್‌ನಲ್ಲಿ 41ನೆಯವನಾಗಿ ಆಯ್ಕೆಯಾದವನು.

ಸ್ಯಾನ್ ಆಂಟೋನಿಯೊ 1997ರಲ್ಲಿ ಟಿಮ್ ಡಂಕನ್‌ನನ್ನು ಪಡೆದು ಐದು ಪ್ರಶಸ್ತಿ ಗೆಲ್ಲಲಿಲ್ಲವೇ ಎಂದು ನೀವು ಕೇಳಬಹುದು. ಗೆದ್ದಿತು. ಆದರೆ ಅದರ ಹಿಂದಿನ ಋತುವಿನಲ್ಲಿ ಡೇವಿಡ್ ರಾಬಿನ್ಸನ್ ಗಾಯಗೊಂಡು ಹೊರಗಿದ್ದ. ಡಂಕನ್ ಬಂದು ಸೇರಿದ್ದು ಆಗಲೇ ಗಟ್ಟಿಯಿದ್ದ ಮನೆಗೆ, ಪಾಳುಬಿದ್ದ ಮನೆಗಲ್ಲ.

ನಮ್ಮ ಕಬಡ್ಡಿಯನ್ನೇ ತೆಗೆದುಕೊಳ್ಳಿ. ಪ್ರೊ ಕಬಡ್ಡಿಯ 2024ರ ಋತುವಿನಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕಟ್ಟಕಡೆಗೆ ನಿಂತಿತು. ಅಲ್ಲಿ ಕೊನೆಯವರಿಗೆ ಬಹುಮಾನವಿಲ್ಲ, ಹರಾಜಿನಲ್ಲಿ ಎಲ್ಲರಿಗೂ ಒಂದೇ ಮಿತಿಯ ಹಣ. 2025ರಲ್ಲಿ ಅದೇ ತಂಡ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ ಪ್ಲೇಆಫ್ ತಲುಪಿತು.

ಸೋತು ಎದ್ದವರು ನಮ್ಮ ಸೀಮೆಗೆ ಹೊಸಬರಲ್ಲ. ಶಿಕಾರಿಪುರದಲ್ಲಿ 1999ರಲ್ಲಿ ಸೋತ ಯಡಿಯೂರಪ್ಪ 2004ರಲ್ಲಿ ಗೆದ್ದರು. ಸೊರಬದಲ್ಲಿ 2018ರಲ್ಲಿ ಸೋತ ಮಧು ಬಂಗಾರಪ್ಪ 2023ರಲ್ಲಿ ಗೆದ್ದರು. ಅವರ ರಾಜಕೀಯವನ್ನು ನೀವು ಒಪ್ಪಿ, ಬಿಡಿ. ಇಬ್ಬರೂ ಸೋಲಬೇಕೆಂದು ಕಣಕ್ಕಿಳಿದವರಲ್ಲ. ಸೋಲು ಪಾಠ ಕಲಿಸುವುದು ಗೆಲ್ಲಲು ಹೊರಟವನಿಗೆ ಮಾತ್ರ.

ನನ್ನ ತಕರಾರು ಅಮೆರಿಕದ ಮಾಲೀಕರ ಬಗ್ಗೆ ಅಷ್ಟಿಲ್ಲ. ಈ ಲೆಕ್ಕ ನಮ್ಮ ಕಾಲೇಜು ಮೈದಾನಕ್ಕೂ ಇಳಿಯುತ್ತಿದೆ. "ಈ ವರ್ಷ ಹೋದರೆ ಹೋಗಲಿ, ಮುಂದಿನ ವರ್ಷಕ್ಕೆ ತಂಡ ಕಟ್ಟೋಣ" ಎನ್ನುವವರನ್ನು ಕೇಳಿದ್ದೇನೆ. ಇಲ್ಲಿ ಡ್ರಾಫ್ಟೂ ಇಲ್ಲ, ಲಾಟರಿಯೂ ಇಲ್ಲ. ಅಂತಿಮ ವರ್ಷದ ಹುಡುಗ ಹುಡುಗಿಯರಿಗೆ ಮುಂದಿನ ವರ್ಷವೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ಒಬ್ಬರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಇನ್ನೊಬ್ಬರು ತೋಟಕ್ಕಿಳಿಯುತ್ತಾರೆ. ಅವರ ಪಾಲಿನ ಕೊನೆಯ ಪಂದ್ಯವನ್ನು ಬೇರೆಯವರ ನಾಳೆಗೆ ಅಡವಿಡುವ ಹಕ್ಕು ಯಾವ ತರಬೇತುದಾರನಿಗೂ ಇಲ್ಲ.